ತೋಳದ ಹಿಂದಿದ್ದ ಹಿಮ

ಎಐ ಬಗ್ಗೆ ಭಾಷಣ ಮಾಡುವವರಿಗೆ ಈ ಕತೆ ಬಲು ಇಷ್ಟ. ಹಸ್ಕಿ ನಾಯಿಯ ಫೋಟೊ ನೋಡಿ ಕಂಪ್ಯೂಟರ್ ‘ತೋಳ’ ಅಂದಿತಂತೆ. ಯಾಕಂದ್ರೆ ಅದು ನೋಡಿದ್ದು ನಾಯಿಯನ್ನಲ್ಲ, ಹಿಂದಿದ್ದ ಹಿಮವನ್ನು. ಎಷ್ಟು ದಡ್ಡ ಅಲ್ವಾ ಅಂತ ಸಭೆಯೆಲ್ಲ ನಗುತ್ತದೆ.

ಆ ದಡ್ಡತನವನ್ನು ಬೇಕಂತಲೇ ಕಲಿಸಿದ್ದರು! 2016ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮಾರ್ಕೊ ರಿಬೇರೊ ಮತ್ತು ಜೊತೆಗಾರರು ಒಂದು ಮಾಡೆಲಿಗೆ, ಅಂದರೆ ಉದಾಹರಣೆ ನೋಡಿ ಕಲಿಯುವ ಪ್ರೋಗ್ರಾಮಿಗೆ, ಕಲಿಸಲು 20 ಫೋಟೊ ಆರಿಸಿದರು. ತೋಳಗಳಿಗೆಲ್ಲ ಹಿಮ, ಹಸ್ಕಿಗಳಿಗೆ ಇಲ್ಲ. ಪರೀಕ್ಷೆ ಇದ್ದದ್ದು ಮನುಷ್ಯರಿಗೆ, ಅದೂ ಮಷೀನ್ ಲರ್ನಿಂಗ್ ಓದಿದ್ದ ವಿದ್ಯಾರ್ಥಿಗಳಿಗೆ. ಬರೀ ಉತ್ತರಗಳನ್ನು ನೋಡಿ 27 ಮಂದಿಯಲ್ಲಿ 10 ಮಂದಿ ಈ ಮಾಡೆಲನ್ನು ನಂಬಬಹುದು ಅಂದರು. ಚಿತ್ರದ ಯಾವ ಭಾಗ ನೋಡಿ ಹಾಗಂದಿತು ಅನ್ನುವ ವಿವರಣೆ ತೋರಿಸಿದ ಮೇಲೆ ನಂಬಿದವರು ಮೂವರೇ.

ಆ ವಿವರಣೆ ಕೊಡುವ ವಿಧಾನದ ಹೆಸರು ‘ಲೈಮ್’. ಅಕ್ಕಪಕ್ಕದಲ್ಲಿ ಒಂದೇ ಥರ ಕಾಣುವ ಜಾಗಗಳನ್ನು ಒಟ್ಟಿಗಿಟ್ಟು ಚಿತ್ರವನ್ನು ಚೂರುಗಳಾಗಿ ಒಡೆಯುತ್ತದೆ. ಒಂದಿಷ್ಟು ಚೂರು ಮುಚ್ಚಿ, ‘ಈಗ ಹೇಳು, ತೋಳವಾ?’ ಅಂತ ಮಾಡೆಲನ್ನು ಕೇಳುತ್ತದೆ. ಬೇರೆ ಚೂರು ಮುಚ್ಚಿ ಮತ್ತೆ ಕೇಳುತ್ತದೆ. ಹೀಗೆ ಎಷ್ಟೋ ಸಲ. ಯಾವ ಚೂರು ಮರೆಯಾದಾಗ ‘ತೋಳ’ದ ಅಂಕ ಕುಸಿಯುತ್ತದೋ ಅದೇ ಮುಖ್ಯ. ಹೊಸ ಮನೆಯಲ್ಲಿ ಯಾವ ಸ್ವಿಚ್ ಯಾವ ಲೈಟಿನದು ಅಂತ ಒತ್ತಿ ಒತ್ತಿ ನೋಡುತ್ತೇವಲ್ಲ, ಹಾಗೆ. ಗೋಡೆ ಒಡೆದು ವೈರ್ ನೋಡುವ ಕೆಲಸವೇ ಇಲ್ಲ. ಹಸ್ಕಿ ಫೋಟೊದಲ್ಲಿ ಕೊನೆಗೆ ಮುಖ್ಯ ಅಂತ ಉಳಿದದ್ದು ಹಿಮದ ಚೂರುಗಳು.

ಮಾಡೆಲ್ ಎಲ್ಲಿ ನೋಡಿತು ಅಂತ ಚಿತ್ರದ ಮೇಲೆ ಗುರುತು ಹಾಕಿ ತೋರಿಸುವ ವಿಧಾನಗಳು ಇನ್ನೂ ಬೇಕಾದಷ್ಟಿವೆ. ನನಗೆ ಅವುಗಳ ಮೇಲೆ ಅನುಮಾನವೇ ಜಾಸ್ತಿ. 2018ರಲ್ಲಿ ಸಂಶೋಧಕ ಜೂಲಿಯಸ್ ಅಡೆಬಾಯೊ ಮತ್ತು ಸಂಗಡಿಗರು ಒಂದು ತಮಾಷೆ ಮಾಡಿದರು. ಮಾಡೆಲ್ ಅಂಕಿಗಳ ರೂಪದಲ್ಲಿ ಕಲಿತದ್ದನ್ನೆಲ್ಲ ಅಳಿಸಿ, ಸುಮ್ನೆ ಬಾಯಿಗೆ ಬಂದ ಅಂಕಿಗಳನ್ನು ತುಂಬಿದರು. ಈಗ ಹಕ್ಕಿಯ ಫೋಟೊ ಕೊಟ್ಟರೆ ಅದಕ್ಕೆ ಹಕ್ಕಿ ಯಾವುದು, ಕೊಂಬೆ ಯಾವುದು ಗೊತ್ತಿಲ್ಲ. ಆದರೂ ‘ಗೈಡೆಡ್ ಬ್ಯಾಕ್‌ಪ್ರೊಪಗೇಷನ್’ ಅನ್ನುವ ಗುರುತು ಹಾಕುವ ವಿಧಾನ ಹಕ್ಕಿಯ ಅಂಚನ್ನು ಹೆಚ್ಚುಕಡಿಮೆ ಮೊದಲಿನ ಹಾಗೇ ಬಿಡಿಸಿತು. ಅದು ತೋರಿಸುತ್ತಿದ್ದದ್ದು ಚಿತ್ರದ ಗೆರೆಗಳನ್ನು. ಅದನ್ನೇ ನಾವು ಮಾಡೆಲಿನ ಯೋಚನೆ ಅಂದುಕೊಂಡಿದ್ದೆವು. ಎಲ್ಲ ವಿಧಾನಗಳೂ ಹೀಗಲ್ಲ. ‘ಗ್ರ್ಯಾಡ್‌ಕ್ಯಾಮ್’ ಅನ್ನುವ ಇನ್ನೊಂದು ವಿಧಾನ ಈ ಪರೀಕ್ಷೆ ದಾಟಿತು.

ಜನರ ಪಾಡೂ ಅಷ್ಟೇ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರ 2022ರ ಅಧ್ಯಯನದಲ್ಲಿ, ವಿವರಣೆ ಜೊತೆಗಿದ್ದರೆ ಮಾಡೆಲಿನ ತಪ್ಪು ಉತ್ತರವನ್ನೂ ಜನ ಸರಿಯೆಂದು ನಂಬುತ್ತಿದ್ದರು.

ಹೊಸ, ದೊಡ್ಡ ಮಾಡೆಲ್‌ಗಳಾದರೂ ಸುಲಭಕ್ಕೆ ಅರ್ಥವಾಗುತ್ತವಾ? ರೋಲಂಡ್ ಜಿಮ್ಮರ್‌ಮನ್ ತಂಡ 2023ರಲ್ಲಿ ಚಿತ್ರ ಗುರುತಿಸುವ 9 ಮಾಡೆಲ್‌ಗಳನ್ನು ಜನರ ಮುಂದಿಟ್ಟಿತು. ಮಾಡೆಲಿನ ಒಳಗೆ ಲೆಕ್ಕ ಮಾಡುವ ಒಂದು ಪುಟ್ಟ ಘಟಕ ಯಾವ ಚಿತ್ರಕ್ಕೆ ಜೋರಾಗಿ ಸ್ಪಂದಿಸುತ್ತದೆ ಅಂತ ಊಹಿಸಬೇಕಿತ್ತು. 2014ರ ‘ಗೂಗಲ್‌ನೆಟ್’ ಅನ್ನುವ ಹಳೇ ಮಾಡೆಲಿಗಿಂತ ಸುಲಭವಾದದ್ದು ಒಂದೂ ಸಿಗಲಿಲ್ಲ.