ಬಾಡಿ ಕಂಟ್ರೋಲ್ ಮಾಡ್ಯೂಲ್: ಕಾರಿನ ಕರೆಂಟಿಗೊಬ್ಬ ನೀರಗಂಟಿ

ಗ್ಯಾರೇಜಿನಲ್ಲಿ 'ಬಾಡಿ ಕೆಲಸ' ಅಂದರೆ ನಮಗೆಲ್ಲ ಗೊತ್ತು. ನೆಗ್ಗಿದ ತಗಡು ಎತ್ತುವುದು, ಟಿಂಕರಿಂಗ್, ಪೇಂಟಿಂಗ್. ಹಾಗಾಗಿ ಮೆಕ್ಯಾನಿಕ್ 'ಸಾರ್, ಬಾಡಿ ಕಂಟ್ರೋಲ್ ಹೋಗಿದೆ, ಚೇಂಜ್ ಮಾಡ್ಬೇಕು' ಅಂದಾಗ ಗೊಂದಲ ಆಗುವುದು ಸಹಜ. ಕಾರನ್ನು ಎಲ್ಲೂ ಗುದ್ದಿಸಿಲ್ಲ, ಬಾಡಿಗೇನಾಯ್ತು?

ಇಲ್ಲಿ ಬಾಡಿ ಅಂದರೆ ತಗಡಲ್ಲ. ಕಾರು ತಯಾರಿಸುವವರ ಮಾತಿನಲ್ಲಿ ಇಂಜಿನ್, ಗೇರ್ ಒಂದು ಪಾಲು. ಬ್ರೇಕ್, ಸ್ಟೀರಿಂಗ್, ಸಸ್ಪೆನ್ಷನ್ ಇನ್ನೊಂದು ಪಾಲು, ಅದಕ್ಕೆ ಚಾಸಿ ಅನ್ನುತ್ತಾರೆ. ಕೂತವರ ಸುತ್ತ ಇರುವುದೆಲ್ಲ ಬಾಡಿ: ಲೈಟು, ಇಂಡಿಕೇಟರ್, ವೈಪರ್, ಹಾರ್ನ್, ಪವರ್ ವಿಂಡೋ, ಸೆಂಟ್ರಲ್ ಲಾಕ್, ರಿಮೋಟ್ ಕೀ. ದೋಷ ಹುಡುಕಲು ಗ್ಯಾರೇಜಿನವರು ಕಾರಿಗೆ ಸಿಕ್ಕಿಸುವ ಸ್ಕ್ಯಾನರ್ ತೋರಿಸುವ ಕೋಡುಗಳೂ ಇದೇ ಲೆಕ್ಕದವು. ಪಿ ಇಂಜಿನ್ನಿಗೆ, ಸಿ ಚಾಸಿಗೆ, ಬಿ ಬಾಡಿಗೆ. ನಾಲ್ಕನೆಯದು ಯು, ಅದು ಕಾರಿನೊಳಗಿನ ಕಂಪ್ಯೂಟರ್ ಪೆಟ್ಟಿಗೆಗಳ, ಅಂದರೆ ಮಾಡ್ಯೂಲುಗಳ ನಡುವಿನ ಮಾತುಕತೆ ಕೆಟ್ಟಾಗ ಬರುವಂಥದ್ದು. ಈ ಬಾಡಿ ಪಾಲನ್ನು ನೋಡಿಕೊಳ್ಳುವ ಕಂಪ್ಯೂಟರ್ ಪೆಟ್ಟಿಗೆಯೇ ಬಾಡಿ ಕಂಟ್ರೋಲ್ ಮಾಡ್ಯೂಲ್. ಗ್ಯಾರೇಜಿನಲ್ಲಿ ಚಿಕ್ಕದಾಗಿ ಬಿಸಿಎಂ ಅನ್ನುತ್ತಾರೆ. ಹೆಚ್ಚಿನ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ, ಫ್ಯೂಸ್ ಬಾಕ್ಸಿನ ಆಸುಪಾಸಿನಲ್ಲಿ ಇರುತ್ತದೆ.

ಇದರ ಕೆಲಸ ಹೇಳಲು ನನಗೆ ಸಿಗುವ ಒಳ್ಳೆಯ ಹೋಲಿಕೆ ನಮ್ಮ ನೀರಗಂಟಿ. ಕೆರೆ ಇರುವ ಊರುಗಳಲ್ಲಿ ಗದ್ದೆ ಯಾರದೇ ಇರಲಿ, ತೂಬು ಎತ್ತಿ ನೀರು ಬಿಡುವವನು ನೀರಗಂಟಿ. ರೈತ ಕೇಳಬಹುದು ಅಷ್ಟೇ. ಯಾವ ಗದ್ದೆಗೆ, ಯಾವಾಗ, ಎಷ್ಟು ಹೊತ್ತು ಎಂದು ನೋಡಿ ಬಿಡುವವನು ಅವನು. ಅಂಬಾಸಿಡರ್ ಕಾಲದಲ್ಲಿ ಹೀಗಿರಲಿಲ್ಲ. ಸ್ವಿಚ್ ಒತ್ತಿದರೆ ಕರೆಂಟು ಆ ಸ್ವಿಚ್ಚಿನಿಂದಲೋ, ಕರೆಂಟಿನಿಂದಲೇ ನಡೆಯುವ ರಿಲೇ ಎಂಬ ಇನ್ನೊಂದು ಸ್ವಿಚ್ಚಿನಿಂದಲೋ ನೇರವಾಗಿ ಬಲ್ಬಿಗೆ ಹೋಗುತ್ತಿತ್ತು. ಈಗಿನ ಕಾರಿನಲ್ಲಿ ನೀವು ಇಂಡಿಕೇಟರ್ ಹಾಕಿದಾಗ ಆ ಕಡ್ಡಿ ಬರೀ ಒಂದು ಕೋರಿಕೆ ಕಳಿಸುತ್ತದೆ. ಬಿಸಿಎಂ ಅದನ್ನು ನೋಡಿ ಬಲ್ಬಿಗೆ ಕರೆಂಟು ಬಿಡುತ್ತದೆ, ಟಕ್ ಟಕ್ ಲಯವನ್ನೂ ಅದೇ ಕೊಡುತ್ತದೆ. ಬಲ್ಬ್ ಎಷ್ಟು ಕರೆಂಟು ಎಳೆಯಿತು ಎಂಬ ಲೆಕ್ಕವೂ ಅದರ ಬಳಿ ಇರುತ್ತದೆ. ಬಲ್ಬ್ ಸುಟ್ಟುಹೋದಾಗ ಇಂಡಿಕೇಟರ್ ಗಡಿಬಿಡಿಯಲ್ಲಿ ಮಿನುಗುತ್ತದಲ್ವಾ, ಅದು ಈ ಲೆಕ್ಕ ತಪ್ಪಿದ ಗುರುತು. ಹಳೆ ಬಲ್ಬಿನ ಜಾಗಕ್ಕೆ ಎಲ್‌ಇಡಿ ಹಾಕಿಸಿದಾಗಲೂ ಇದೇ ಆಗುತ್ತದೆ. ಎಲ್‌ಇಡಿ ಕಡಿಮೆ ಕರೆಂಟು ಎಳೆಯುತ್ತದೆ, ಬಿಸಿಎಂ ಬಲ್ಬ್ ಹೋಯ್ತು ಅಂದುಕೊಳ್ಳುತ್ತದೆ. ಅನೇಕ ಕಾರುಗಳಲ್ಲಿ ಅಪಘಾತವಾಗಿ ಏರ್‌ಬ್ಯಾಗ್ ತೆರೆದ ಕೂಡಲೇ ಬಾಗಿಲಿನ ಲಾಕ್ ಬಿಡಿಸುವುದೂ ಇದೇ ಪೆಟ್ಟಿಗೆ. ಆದ್ದರಿಂದ ಇದನ್ನು ಸುಮ್ನೆ ಲೈಟಿನ ವಿಷಯ ಎಂದು ತಳ್ಳಿಹಾಕಬೇಡಿ.

ಹೀಗೆ ಎಲ್ಲವನ್ನೂ ಒಂದೆಡೆ ತರಲು ಕಾರಣ ವೈರು. ಸೌಲಭ್ಯ ಹೆಚ್ಚಿದಂತೆ ಪ್ರತಿಯೊಂದಕ್ಕೂ ಬೇರೆ ವೈರು ಎಳೆದು ಕಾರಿನ ತೂಕವೂ ಖರ್ಚೂ ಏರುತ್ತಿತ್ತು. ಜರ್ಮನಿಯ ಬಾಷ್ ಕಂಪನಿ 1983ರಲ್ಲಿ ಇದಕ್ಕೆ ದಾರಿ ಹುಡುಕಲು ಶುರುಮಾಡಿತು. 1986ರಲ್ಲಿ ಡೆಟ್ರಾಯಿಟ್‌ನಲ್ಲಿ 'ಕ್ಯಾನ್' ಎಂಬ ವ್ಯವಸ್ಥೆಯನ್ನು ಜಗತ್ತಿನ ಮುಂದಿಟ್ಟಿತು. ಹೆಣೆದ ಎರಡೇ ವೈರು, ಅದರ ಮೇಲೆ ಎಲ್ಲ ಮಾಡ್ಯೂಲುಗಳೂ ಸರದಿಯಲ್ಲಿ ಮಾತಾಡುತ್ತವೆ. 1991ರ ಮರ್ಸಿಡಿಸ್ ಎಸ್ ಕ್ಲಾಸ್‌ನಲ್ಲಿ ಅದು ರಸ್ತೆಗಿಳಿಯಿತು. ಈ ಬಾಷ್ ಬೆಂಗಳೂರಿನ ಹಳಬರಿಗೆ ಹೊಸ ಹೆಸರಲ್ಲ. ಆಡುಗೋಡಿಯ ಮೈಕೋ ಅವರದ್ದೇ, 2008ರಲ್ಲಿ ಅದರ ಹೆಸರೇ ಬಾಷ್ ಎಂದಾಯಿತು.

ಬಿಸಿಎಂ ಕೆಟ್ಟಾಗ ಕಾಣುವ ಲಕ್ಷಣ ವಿಚಿತ್ರವಾಗಿರುತ್ತವೆ. ವೈಪರ್ ತಾನಾಗೇ ಓಡುತ್ತದೆ. ನಿಲ್ಲಿಸಿದ ಕಾರಿನ ಬಾಗಿಲು ಲಾಕ್ ಆಗುತ್ತದೆ, ಮತ್ತೆ ಬಿಡುತ್ತದೆ. ಒಳಗಿನ ಲೈಟು ಆರುವುದೇ ಇಲ್ಲ. ಕಾರು ನಿದ್ದೆಗೆ ಜಾರದೆ ರಾತ್ರಿಯೆಲ್ಲ ಕರೆಂಟು ಕುಡಿದು ಬೆಳಗ್ಗೆ ಬ್ಯಾಟರಿ ಖಾಲಿ. ಸರಿಯಾಗಿ ಮಲಗಿದ ಕಾರು ಸಾಮಾನ್ಯವಾಗಿ 50 ಮಿಲಿ ಆಂಪಿಯರ್‌ಗಿಂತ ಕಡಿಮೆ ಎಳೆಯಬೇಕು. ಕೀಲಿಯ ಗುರುತು ಹಿಡಿಯುವ ಇಮ್ಮೊಬಿಲೈಸರ್ ಕೂಡ ಬಿಸಿಎಂ ಒಳಗೇ ಇದ್ದರೆ ಕಾರು ಸ್ಟಾರ್ಟೇ ಆಗದಿರಬಹುದು.

ನನ್ನ ಕಾರಿಗೂ ಇದೇ ಆಗಿತ್ತು. ಮಲೆನಾಡಿನ ಜುಲೈ ಮಳೆ. ಮೊದಲು ಹಾರ್ನ್ ತಾನಾಗೇ ಕೂಗಿತು, ಆಮೇಲೆ ಕಿಟಕಿ ಇಳಿಯಲಿಲ್ಲ. ಗ್ಯಾರೇಜಿನವರು ಬಿಸಿಎಂ ತೆಗೆದು ಹೊಸದು ಹಾಕಿದರು, ಎಲ್ಲ ಸರಿಹೋಯಿತು. ಮುಂದಿನ ಮಳೆಗೆ ಹೊಸದೂ ಹೋಯಿತು. ಆಗ ಗೊತ್ತಾಯಿತು, ಮುಂದಿನ ಗಾಜಿನ ಬುಡದಲ್ಲಿ ನೀರು ಹರಿದುಹೋಗುವ ತೂತಿಗೆ ಎಲೆ, ಮಣ್ಣು ಕಟ್ಟಿಕೊಂಡು ನೀರು ಡ್ಯಾಶ್‌ಬೋರ್ಡಿನ ಒಳಕ್ಕೆ ಇಳಿಯುತ್ತಿತ್ತು. ಮೊದಲ ಸಲವೇ ಕಾಲಡಿಯ ಮ್ಯಾಟ್ ಎತ್ತಿ ನೋಡಿದ್ದರೆ ಸಾಕಿತ್ತು, ಕೆಳಗೆ ಒದ್ದೆಯಿತ್ತು. ಬಿಸಿಎಂ ತಾನಾಗೇ ಸಾಯುವುದು ಅಪರೂಪ. ಅದನ್ನು ಕೊಂದದ್ದು ಯಾವುದು ಎಂದು ಹುಡುಕದೆ ಪೆಟ್ಟಿಗೆ ಬದಲಿಸಿದರೆ ಕೆಲಸ ಅರ್ಧ ಮಾತ್ರ ಆದಂತೆ.

ನೀರಿನ ನಂತರದ ಶತ್ರು ಇಲಿ. ಆಮೇಲೆ ನಾವೇ ಹಾಕಿಸುವ ಫಾಗ್ ಲ್ಯಾಂಪ್, ಜೋರು ಹಾರ್ನ್. ಕಂಪನಿ ವೈರು ಕತ್ತರಿಸಿ, ಟೇಪು ಸುತ್ತಿ ಕೊಟ್ಟ ಕನೆಕ್ಷನ್ ಒಂದು ದಿನ ಶಾರ್ಟ್ ಆದರೆ ಹೊಡೆತ ಬಿಸಿಎಂಗೆ. ಜಂಪ್ ಸ್ಟಾರ್ಟ್ ಮಾಡುವಾಗ ಪ್ಲಸ್ ಮೈನಸ್ ಅದಲು ಬದಲಾದರೂ ಅಷ್ಟೇ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರು ಕಡೆ ಕಾರುಗಳು ನೀರಿನಲ್ಲಿ ನಿಂತ ಚಿತ್ರ ನೆನಪಿರಬಹುದು. ಹಾಗೆ ಮುಳುಗಿದ ಕಾರನ್ನು 'ನೋಡೋಣ' ಎಂದು ಕೀಲಿ ತಿರುಗಿಸಲೇಬಾರದು. ಒದ್ದೆ ಸರ್ಕ್ಯೂಟಿಗೆ ಕರೆಂಟು ಕೊಟ್ಟರೆ ಒಣಗಿಸಿ ಉಳಿಸಬಹುದಾಗಿದ್ದ ಪೆಟ್ಟಿಗೆಯೂ ಸುಡುತ್ತದೆ. ಮೊದಲು ಬ್ಯಾಟರಿಯ ಮೈನಸ್ ಕಳಚಬೇಕು.

ಇನ್ನು ಕೆಲವು ಸಲ ಬಿಸಿಎಂ ನಿಜಕ್ಕೂ ಚೆನ್ನಾಗಿಯೇ ಇರುತ್ತದೆ. ಅಮೆರಿಕದಲ್ಲಿ 2014ರಲ್ಲಿ ಜನರಲ್ ಮೋಟಾರ್ಸ್ ಸುಮಾರು 24 ಲಕ್ಷ ಕಾರುಗಳನ್ನು ವಾಪಸ್ ಕರೆಸಿತು. 2004ರಿಂದ 2012ರವರೆಗಿನ ಷೆವ್ರೊಲೆ ಮಾಲಿಬು ಮತ್ತು ಅದರ ಜೊತೆಯ ಮಾಡೆಲುಗಳು. ಬ್ರೇಕ್ ಒತ್ತಿದರೆ ಹಿಂದಿನ ಲೈಟು ಉರಿಯುತ್ತಿರಲಿಲ್ಲ, ಒತ್ತದೇ ಇದ್ದಾಗ ಉರಿಯುತ್ತಿತ್ತು. ತೊಂದರೆ ಇದ್ದದ್ದು ವೈರುಗಳನ್ನು ಬಿಸಿಎಂಗೆ ಸಿಕ್ಕಿಸುವ ಕಪ್ಲರಿನಲ್ಲಿ. ಅಲುಗಿ ಅಲುಗಿ ಪಿನ್ನುಗಳು ಸವೆದು ಕಿಲುಬು ಹಿಡಿದಿದ್ದವು. ರಿಪೇರಿ ಎಂದರೆ ಕಪ್ಲರ್ ಅಲುಗದಂತೆ ಕೂರಿಸಿ, ಪಿನ್ನಿಗೆ ವಿಶೇಷ ಗ್ರೀಸ್ ಹಚ್ಚುವುದು. ಬಿಸಿಎಂ ಬದಲಿಸಿ ಅನ್ನುವ ಮೊದಲು ಕಪ್ಲರ್ ಕಳಚಿ ನೋಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಗದ್ದೆಗೆ ನೀರು ಬರದಿದ್ದರೆ ಮೊದಲು ಕೆರೆ, ಆಮೇಲೆ ಕಾಲುವೆ, ಕೊನೆಗೆ ನೀರಗಂಟಿ. ಇಲ್ಲೂ ಅದೇ ಸಾಲು. ಕೆರೆ ಅಂದರೆ ಬ್ಯಾಟರಿ: ನಿಂತ ಕಾರಿನಲ್ಲಿ 12.6 ವೋಲ್ಟ್ ಹತ್ತಿರ ಇರಬೇಕು, ಇಂಜಿನ್ ಓಡುವಾಗ ಸುಮಾರು 14. ಬ್ಯಾಟರಿ ಸೊರಗಿದರೂ ಬಿಸಿಎಂ ಹುಚ್ಚುಹುಚ್ಚಾಗಿ ಆಡುತ್ತದೆ. ಕಾಲುವೆ ಅಂದರೆ ಫ್ಯೂಸ್, ವೈರಿಂಗ್, ಮತ್ತು ಕರೆಂಟು ಕಾರಿನ ತಗಡಿನ ಮೂಲಕ ಬ್ಯಾಟರಿಗೆ ಮರಳುವ ದಾರಿಯಾದ ಅರ್ಥ್. ಬಿಸಿಎಂಗೆ ಒಂದಕ್ಕಿಂತ ಜಾಸ್ತಿ ಫ್ಯೂಸ್ ಇರುತ್ತವೆ, ಎಲ್ಲವನ್ನೂ ನೋಡಬೇಕು. ಕಾರಿನ ತಗಡಿಗೆ ಬಿಗಿದ ಅರ್ಥ್ ಬೋಲ್ಟು ತುಕ್ಕು ಹಿಡಿದಿದ್ದರೆ ಸಂಬಂಧವೇ ಇಲ್ಲದ ನಾಲ್ಕು ಕೆಲಸಗಳು ಒಟ್ಟಿಗೆ ಕೆಡುತ್ತವೆ. ಬಾಗಿಲು ಮತ್ತು ಅದರ ಚೌಕಟ್ಟಿನ ನಡುವಿನ ರಬ್ಬರ್ ತೋಳಿನೊಳಗೆ ವೈರು ಮಡಚಿ ಮಡಚಿ ತುಂಡಾಗುವುದೂ ಇದೆ. ಆ ಎರಡು ಕ್ಯಾನ್ ವೈರಿಗೂ ಸರಳ ಪರೀಕ್ಷೆ ಉಂಟು. ಬ್ಯಾಟರಿ ಕಳಚಿ, ಸ್ಕ್ಯಾನರ್ ಸಿಕ್ಕಿಸುವ ಜಾಗದ 6 ಮತ್ತು 14ನೇ ಪಿನ್ನುಗಳ ನಡುವೆ ಮಲ್ಟಿಮೀಟರ್ ಇಟ್ಟರೆ ಹೆಚ್ಚಿನ ಕಾರುಗಳಲ್ಲಿ ಸುಮಾರು 60 ಓಮ್ ಬರಬೇಕು. 120 ಬಂದರೆ ಎಲ್ಲೋ ವೈರು ತುಂಡಾಗಿರಬಹುದು. ಸೊನ್ನೆಯ ಹತ್ತಿರ ಬಂದರೆ ಎರಡೂ ಒಂದಕ್ಕೊಂದು ತಾಗಿವೆ.

ಇಷ್ಟೆಲ್ಲ ಸರಿಯಿದ್ದರೆ ನೀರಗಂಟಿಯ ಸರದಿ. ಸ್ಕ್ಯಾನರ್‌ನಲ್ಲಿ ಯು0140 ಬಂದರೆ ಬಿಸಿಎಂ ಉತ್ತರ ಕೊಡುತ್ತಿಲ್ಲ ಎಂದರ್ಥ. ಕೆಟ್ಟಿದೆ ಎಂದಲ್ಲ, ಉತ್ತರ ಬಂದಿಲ್ಲ ಎಂದು ಮಾತ್ರ. ಉತ್ತರ ಕೊಡುತ್ತಿದ್ದರೆ ಇನ್ನೂ ಸುಲಭ. ಹಾರ್ನ್ ಒತ್ತಿ, ಆ ಕೋರಿಕೆ ಬಿಸಿಎಂಗೆ ತಲುಪಿತೇ ಎಂದು ಸ್ಕ್ಯಾನರ್ ಪರದೆಯಲ್ಲಿ ನೋಡಬೇಕು. ಆಮೇಲೆ ಸ್ಕ್ಯಾನರಿನಿಂದಲೇ ಹಾರ್ನ್ ಕೂಗಿಸಲು ಆಜ್ಞೆ ಕೊಡಬೇಕು. ಕೋರಿಕೆ ತಲುಪಿದೆ, ಕರೆಂಟೂ ಅರ್ಥೂ ಸರಿಯಿದೆ, ಆದರೂ ಬಿಸಿಎಂ ಪಿನ್ನಿನಿಂದ ಏನೂ ಹೊರಬರುತ್ತಿಲ್ಲ ಅಂದರೆ ತಪ್ಪು ಅದರದ್ದೇ.

ಬದಲಿಸುವ ಮೊದಲು ಒಂದು ಮಾತು ಕೇಳಿ. ಒಳಗಿನ ರಿಲೇ ಅಥವಾ ಬಿಟ್ಟುಹೋದ ಬೆಸುಗೆಯನ್ನು ಮಾತ್ರ ಸರಿಮಾಡುವ ಎಲೆಕ್ಟ್ರಾನಿಕ್ಸ್ ರಿಪೇರಿಯವರೂ ಇದ್ದಾರೆ. ಅದು ಆಗದು ಅಂದರೆ ಹೊಸದು. ಪೆಟ್ಟಿಗೆಯ ಮೇಲಿನ ಪಾರ್ಟ್ ನಂಬರ್ ಪೂರ್ತಿ ಹೊಂದಬೇಕು, ಒಂದೇ ಮಾಡೆಲಿನ ಬೇರೆ ಬೇರೆ ವೇರಿಯಂಟಿಗೆ ಬೇರೆ ಬೇರೆ ಇರಬಹುದು. ಸುಮ್ನೆ ಸಿಕ್ಕಿಸಿದರೆ ಸಾಲದು, ಕೋಡಿಂಗ್ ಮಾಡಬೇಕು. ಈ ಕಾರಿಗೆ ಫಾಗ್ ಲ್ಯಾಂಪ್ ಇದೆಯೇ, ಕಿಟಕಿ ಎರಡೋ ನಾಲ್ಕೋ, ಇದೆಲ್ಲ ಹೊಸ ಪೆಟ್ಟಿಗೆಗೆ ಗೊತ್ತಿರುವುದಿಲ್ಲ. ಕೀಲಿಗಳನ್ನೂ ಮತ್ತೆ ಪರಿಚಯಿಸಬೇಕಾಗಬಹುದು, ಮನೆಯಲ್ಲಿರುವ ಎರಡನೇ ಕೀಲಿಯನ್ನೂ ಒಯ್ಯಿರಿ. ಕೋಡಿಂಗ್ ನಡುವೆ ಬ್ಯಾಟರಿ ಕುಸಿದರೆ ಹೊಸ ಮಾಡ್ಯೂಲೇ ಹಾಳಾಗಬಹುದು, ಅದಕ್ಕೇ ಒಳ್ಳೆಯ ಗ್ಯಾರೇಜಿನವರು ಆಗ ಚಾರ್ಜರ್ ಹಚ್ಚಿಡುತ್ತಾರೆ.

ಶಿವಾಜಿನಗರದ ಗುಜರಿಯಲ್ಲಿ ಕಡಿಮೆಗೆ ಸಿಗುತ್ತದಲ್ವಾ ಅಂತ ಅನಿಸಬಹುದು. ಹಳೆಯ ಬಿಸಿಎಂ ಇನ್ನೊಂದು ಕಾರಿನ ಗುರುತು, ಕೀಲಿ ಎಲ್ಲವನ್ನೂ ಹೊತ್ತು ಬಂದಿರುತ್ತದೆ. ಕೆಲವು ಕಾರುಗಳಲ್ಲಿ ಅದನ್ನು ಅಳಿಸಲು ಆಗುವುದೇ ಇಲ್ಲ. ನಿಮ್ಮ ಹಳೆಯ ಪೆಟ್ಟಿಗೆಯ ಮಾಹಿತಿಯನ್ನು ಅದಕ್ಕೆ ನಕಲು ಮಾಡಬಲ್ಲವರು ಸಿಕ್ಕಿದರೆ ಮಾತ್ರ ಆ ದಾರಿ ಹಿಡಿಯಿರಿ.

ಹೊಸದು ಹಾಕಿಸಿದ ದಿನ ಹಳೆಯದನ್ನು ಕೇಳಿ ತೆಗೆದುಕೊಳ್ಳಿ, ಅದು ನಿಮ್ಮದೇ. ಅಲ್ಲೇ ಮೇಲಿನ ಮುಚ್ಚಳ ಬಿಚ್ಚಿಸಿ. ಹಸಿರು ಕಿಲುಬು ಕಂಡರೆ ನೀರು ಎಲ್ಲಿಂದ ಬಂತು ಎಂದು ಹುಡುಕಿಸಿ. ಒಂದು ಕಡೆ ಕಪ್ಪಗೆ ಸುಟ್ಟಿದ್ದರೆ ಆ ಪಿನ್ನಿನಿಂದ ಹೋಗುವ ವೈರಿನ ಕೊನೆವರೆಗೂ ಹೋಗಿ ನೋಡಿಸಿ, ಕಾರನ್ನು ಆಮೇಲೆ ಹೊರತೆಗೆಯಿರಿ.