ಆಯುಧದ ಹಾನಿ ಮತ್ತು ಆಟದ ಕಷ್ಟ: ಅಂಗಡಿಯ ಹುಲಿಯ ಲೆಕ್ಕ

ಹಾಸನದ ನಮ್ಮ ಅಧ್ಯಯನ ಗುಂಪು ಅಭ್ಯಾಸಕ್ಕೆಂದು ಕಟ್ಟುತ್ತಿರುವ ಚಿಕ್ಕ ಆರ್‌ಪಿಜಿಯ (ಆಟಗಾರ ಒಂದು ಪಾತ್ರವಾಗಿ ಆಡುವ ವಿಡಿಯೊ ಆಟದ) ಕಥೆ ಈ ಕಡೆಯವರಿಗೆಲ್ಲ ಗೊತ್ತಿರುವಂಥದ್ದು: ಸೊಸೆವೂರಿನಲ್ಲಿ, ಅಂದರೆ ಇಂದಿನ ಚಿಕ್ಕಮಗಳೂರು ಜಿಲ್ಲೆಯ ಅಂಗಡಿಯಲ್ಲಿ, ಗುರುವಿನ ಮಾತಿನಂತೆ ಸಳನು ಹುಲಿಯನ್ನು ಹೊಡೆದ ಐತಿಹ್ಯ. ಬೇಲೂರಿನ ದೇವಾಲಯದ ಬಾಗಿಲಲ್ಲಿರುವ ಶಿಲ್ಪದಲ್ಲಿ ಆ ಕಾಳಗ ಒಂದು ಕ್ಷಣದ್ದು. ಆಟದಲ್ಲಿ ಅದು ಎಷ್ಟು ಹೊತ್ತು ನಡೆಯಬೇಕು, ಯಾವ ಆಯುಧ ಹಿಡಿದವನಿಗೆ ಎಷ್ಟು ಕಷ್ಟವಾಗಬೇಕು ಎಂಬುದನ್ನು ನಾವೇ ನಿರ್ಧರಿಸಬೇಕು. ಹೊಸದಾಗಿ ಸೇರಿದವರಿಗೆ ಅನುಕೂಲವಾಗಲೆಂದು ಆ ಲೆಕ್ಕವನ್ನು ಇಲ್ಲಿ ಬಿಡಿಸಿದ್ದೇನೆ.

ಹುಲಿಗೆ 60 ಎಚ್‌ಪಿ ಇದೆ, ಅಂದರೆ ಒಟ್ಟು 60 ಹಾನಿ ತಗಲಿದರೆ ಅದು ಸಾಯುತ್ತದೆ ಎಂದುಕೊಳ್ಳೋಣ. ಕಠಾರಿಯ ಹಾನಿ 12, ಒಂದು ಬೀಸಿಗೆ 0.5 ಸೆಕೆಂಡು, ಕತ್ತಿಯ ಹಾನಿ 20, ಬೀಸಿಗೆ 0.8 ಸೆಕೆಂಡು, ಗಂಡುಗೊಡಲಿಯ ಹಾನಿ 48, ಬೀಸಿಗೆ 2 ಸೆಕೆಂಡು. ಸೆಕೆಂಡಿಗೆ ತಗಲುವ ಹಾನಿ, ಅಂದರೆ ಡಿಪಿಎಸ್, ಕ್ರಮವಾಗಿ 24, 25 ಮತ್ತು 24 ಆಗುತ್ತದೆ. ಇಷ್ಟನ್ನು ನೋಡಿ ಮೂರೂ ಸಮ ಎಂದು ಬಹಳ ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಹುಲಿ ಸಾಯುವುದು ಡಿಪಿಎಸ್‌ನಿಂದಲ್ಲ, ಪೂರ್ಣ ಹೊಡೆತಗಳಿಂದ. ಬೀಸು ಮುಗಿದಾಗ ಏಟು ಬೀಳುತ್ತದೆ ಎಂದಿಟ್ಟುಕೊಂಡರೆ ಕಠಾರಿಗೆ 5 ಹೊಡೆತ, 2.5 ಸೆಕೆಂಡು; ಕತ್ತಿಗೆ 3 ಹೊಡೆತ, 2.4 ಸೆಕೆಂಡು, ಕೊಡಲಿಗೆ 2 ಹೊಡೆತ, 4 ಸೆಕೆಂಡು ಬೇಕು. ಕೊಡಲಿಯ ಎರಡನೇ ಏಟಿನ 48ರಲ್ಲಿ 36 ವ್ಯರ್ಥವಾಗುತ್ತದೆ. ಅದೇ ಹುಲಿಯ ಎಚ್‌ಪಿಯನ್ನು 48ಕ್ಕೆ ಇಳಿಸಿದರೆ ಕೊಡಲಿ ಒಂದೇ ಏಟಿಗೆ, 2 ಸೆಕೆಂಡಿನಲ್ಲಿ ಕೆಲಸ ಮುಗಿಸುತ್ತದೆ. ಕತ್ತಿಗೆ ಆಗಲೂ 3 ಹೊಡೆತವೇ ಬೇಕು. ಆಯುಧವನ್ನು ಮುಟ್ಟದೆಯೇ, ಶತ್ರುವಿನ ಒಂದು ಅಂಕಿಯನ್ನು ಬದಲಿಸಿದ್ದರಿಂದ ಅತ್ಯಂತ ನಿಧಾನವಾಗಿದ್ದ ಆಯುಧ ಕಠಾರಿಗೆ ಸಮವಾಗಿ ಕತ್ತಿಯನ್ನು ಹಿಂದೆ ಹಾಕಿತು. ಹಾಗೆಯೇ 60 ಎಚ್‌ಪಿಯ ಹುಲಿಯ ಎದುರು ಕತ್ತಿಯ ಹಾನಿಯನ್ನು 20ರಿಂದ 29ಕ್ಕೆ ಏರಿಸಿದರೂ ಹೊಡೆತಗಳ ಸಂಖ್ಯೆ ಮೂರರಿಂದ ಕದಲುವುದಿಲ್ಲ. 30 ಆದೊಡನೆ ಎರಡಕ್ಕೆ ಇಳಿಯುತ್ತದೆ. ಆಯುಧ ಮಾರುವವನಿಗೆ ಚಿನ್ನದ ನಾಣ್ಯ ಸುರಿದು 26ರ ಕತ್ತಿ ಕೊಂಡ ಆಟಗಾರ ‘ಏನೂ ವ್ಯತ್ಯಾಸ ಕಾಣಲಿಲ್ಲ’ ಎಂದು ಗೊಣಗಿದರೆ ಅವನ ಮಾತು ಅಕ್ಷರಶಃ ನಿಜ.

ಮುಂದಿನದು ರಕ್ಷಣೆಯ ಸೂತ್ರ. 1986ರ ಡ್ರ್ಯಾಗನ್ ಕ್ವೆಸ್ಟ್ ಎಂಬ ವಿಡಿಯೊ ಆಟದಲ್ಲಿ ದಾಳಿಯ ಅಂಕಿಯಿಂದ ರಕ್ಷಣೆಯ ಅರ್ಧವನ್ನು ಕಳೆದು, ಉಳಿದದ್ದರ ಆಧಾರದ ಮೇಲೆ ಹಾನಿಯನ್ನು ಲೆಕ್ಕ ಹಾಕುತ್ತಿದ್ದರು. ಇದು ಕಳೆಯುವ ಪದ್ಧತಿ. ನಮ್ಮ ಹುಲಿಯ ದಪ್ಪ ಚರ್ಮ ಪ್ರತಿ ಏಟಿನಲ್ಲಿ 8 ಕಳೆಯುತ್ತದೆ ಎಂದಾದರೆ ಕಠಾರಿಯ ಪಾಲಿಗೆ ಉಳಿಯುವುದು 4 ಮಾತ್ರ, ಆದ್ದರಿಂದ 15 ಹೊಡೆತ, 7.5 ಸೆಕೆಂಡು ಬೇಕಾಗುತ್ತದೆ. ಕತ್ತಿಗೆ 4 ಸೆಕೆಂಡು. ಕೊಡಲಿಗೆ ಮೊದಲಿನಂತೆಯೇ 4 ಸೆಕೆಂಡು. ಚಿಕ್ಕ ಏಟಿನ ಆಯುಧ ಹೀಗೆ ಸದ್ದಿಲ್ಲದೆ ಮೂಲೆ ಸೇರುತ್ತದೆ. ಇನ್ನೊಂದು ಅನುಪಾತದ ಪದ್ಧತಿ: ಹಾನಿಯನ್ನು 100ರಿಂದ ಗುಣಿಸಿ, 100 ಮತ್ತು ರಕ್ಷಣೆಯ ಮೊತ್ತದಿಂದ ಭಾಗಿಸುವುದು. ರಕ್ಷಣೆ 50 ಆದಾಗ ನಮ್ಮ ಮೂರೂ ಆಯುಧಗಳಿಗೆ ಸರಿಯಾಗಿ 4 ಸೆಕೆಂಡೇ ಬರುತ್ತದೆ. ಇದು ಅಂಕಿಗಳು ಕೂಡಿಬಂದ ಆಕಸ್ಮಿಕ, ಸೂತ್ರದ ಮಹಿಮೆಯಲ್ಲ. ಆದರೂ ಪರೀಕ್ಷಿಸಲು ಕಡಿಮೆ ಜನರಿರುವ ನಮ್ಮಂಥವರಿಗೆ ಅನುಪಾತವೇ ಕ್ಷೇಮ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅದರಲ್ಲಿ ಹಾನಿ ಎಂದೂ ಸೊನ್ನೆಗೆ ಕುಸಿಯುವುದಿಲ್ಲ.

ದಾಳದ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ದಾಳ ಎಸೆದು ಹಾನಿಯನ್ನು ನಿರ್ಧರಿಸುವ ಮೇಜಿನ ಆಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಆವೃತ್ತಿಯಲ್ಲಿ ದೊಡ್ಡ ಕತ್ತಿಗೆ ಆರು ಮುಖದ ಎರಡು ದಾಳಗಳು, ದೊಡ್ಡ ಕೊಡಲಿಗೆ ಹನ್ನೆರಡು ಮುಖದ ಒಂದು ದಾಳ. ಸರಾಸರಿ 7 ಮತ್ತು 6.5, ಅಂತರ ಅತ್ಯಲ್ಪ. ಆದರೆ 12 ಬೀಳುವ ಸಂಭವ ಕತ್ತಿಗೆ 36ರಲ್ಲಿ 1, ಕೊಡಲಿಗೆ 12ರಲ್ಲಿ 1. ಒಂದು ನಂಬಿಕೆಯ ಆಯುಧ, ಇನ್ನೊಂದು ಜೂಜಿನ ಆಯುಧ. ಸರಾಸರಿಯನ್ನಷ್ಟೇ ಬರೆದಿಟ್ಟ ಕೋಷ್ಟಕದಲ್ಲಿ ಈ ಗುಣ ಕಾಣುವುದೇ ಇಲ್ಲ.

ಇನ್ನು ಕಷ್ಟದ ಹಂತಗಳು. 2011ರ ಸ್ಕೈರಿಮ್ ಎಂಬ ವಿಡಿಯೊ ಆಟದಲ್ಲಿ ಅಡೆಪ್ಟ್ ಎಂಬ ಸಹಜ ಹಂತದಲ್ಲಿ ಎರಡೂ ಕಡೆಯ ಹಾನಿ ಇದ್ದಂತೆಯೇ ಇರುತ್ತದೆ. ಅತ್ಯಂತ ಕಠಿಣವಾದ ಲೆಜೆಂಡರಿ ಹಂತದಲ್ಲಿ ಆಟಗಾರ ಕೊಡುವ ಹಾನಿ ಕಾಲು ಭಾಗಕ್ಕೆ ಇಳಿದು, ಅವನಿಗೆ ತಗಲುವ ಹಾನಿ ಮೂರು ಪಟ್ಟು ಏರುತ್ತದೆ. ಹಾನಿಯ ಗುಣಕಗಳನ್ನಷ್ಟೇ ಬದಲಿಸಿದರೆ ಸಾಕಾಗುವುದರಿಂದ ಈ ವಿಧಾನ ತಯಾರಕರಿಗೆ ಬಲು ಅಗ್ಗ. ಮೊದಲಿನ 60 ಎಚ್‌ಪಿಯ, ರಕ್ಷಣೆಯಿಲ್ಲದ ಹುಲಿಗೆ ಆ ಕಾಲು ಭಾಗದ ನಿಯಮವನ್ನು ಹಾಕಿ ನೋಡಿ: ಕಠಾರಿಗೆ 20 ಹೊಡೆತ, 10 ಸೆಕೆಂಡು, ಕತ್ತಿಗೆ 12 ಹೊಡೆತ, 9.6 ಸೆಕೆಂಡು; ಕೊಡಲಿಗೆ 5 ಹೊಡೆತ, 10 ಸೆಕೆಂಡು. ಸಹಜ ಹಂತದಲ್ಲಿ 2.4 ಮತ್ತು 4 ಸೆಕೆಂಡುಗಳಷ್ಟು ದೂರ ಇದ್ದ ಆಯುಧಗಳು ಇಲ್ಲಿ ಹೆಚ್ಚುಕಡಿಮೆ ಒಂದೇ ಆಗಿಬಿಟ್ಟಿವೆ. ಹಾನಿ ಕಾಲು ಭಾಗಕ್ಕೆ ಇಳಿಯುವುದೂ ಎಚ್‌ಪಿ ನಾಲ್ಕು ಪಟ್ಟಾಗುವುದೂ ಲೆಕ್ಕದಲ್ಲಿ ಒಂದೇ. ಎಚ್‌ಪಿ ಹಿಗ್ಗಿದಷ್ಟೂ ಕೊನೆಯ ಏಟಿನ ವ್ಯರ್ಥ ಭಾಗ ಒಟ್ಟು ಲೆಕ್ಕದಲ್ಲಿ ನಗಣ್ಯವಾಗುತ್ತದೆ, ಎಲ್ಲವೂ ಡಿಪಿಎಸ್‌ಗೆ ಸಮೀಪಿಸುತ್ತದೆ, ಆಯುಧಗಳ ನಡುವಿನ ಗುಣಭೇದ ಅಳಿಸಿಹೋಗುತ್ತದೆ. ಸಾರು ಸಾಲದೆಂದು ನೀರು ಬೆರೆಸಿದಂತೆ, ಪ್ರಮಾಣ ಹೆಚ್ಚಿತೇ ಹೊರತು ರುಚಿ ಉಳಿಯಲಿಲ್ಲ. 2006ರ ಆಬ್ಲಿವಿಯನ್ ಎಂಬ ವಿಡಿಯೊ ಆಟದ ತೊಂದರೆ ಬೇರೆ ಬಗೆಯದು: ಆಟಗಾರನ ಲೆವೆಲ್ ಏರಿದಂತೆ ಶತ್ರುಗಳೂ ಏರುತ್ತಿದ್ದರು, ದಾರಿಗಳ್ಳರೂ ದುಬಾರಿ ಗಾಜಿನ ಕವಚ ತೊಟ್ಟು ಬರುತ್ತಿದ್ದರು. ಒಳ್ಳೆಯ ಆಯುಧ ಗಳಿಸಿದ ಸುಖ ಅಲ್ಲಿ ಹೆಚ್ಚು ಹೊತ್ತು ಉಳಿಯುತ್ತಿರಲಿಲ್ಲ.

ಹಾಗಾದರೆ ಕಷ್ಟವನ್ನು ಎಲ್ಲಿಡಬೇಕು? ನಮ್ಮ ಹುಲಿ ಒಮ್ಮೆ ಎರಗಿ, ಗುರಿ ತಪ್ಪಿ ನೆಲಕ್ಕೆ ಬಿದ್ದು, ಮತ್ತೆ ಎದ್ದು ನಿಲ್ಲುವವರೆಗೆ ಒಂದು ಬಿಡುವು ಇದೆ. ಉಳಿದ ಹೊತ್ತಿನಲ್ಲಿ ಹತ್ತಿರ ಹೋದವನಿಗೆ ಪಂಜದ ಪೆಟ್ಟು ಖಚಿತ. ಆ ಬಿಡುವು 1.5 ಸೆಕೆಂಡು ಇದ್ದರೆ ಕಠಾರಿಯ ಮೂರು ಏಟು ಬಿದ್ದು 36 ಹಾನಿಯಾಗುತ್ತದೆ, ಕತ್ತಿಯದು ಒಂದೇ ಏಟು, 20. ಬಿಡುವನ್ನು 1.6 ಸೆಕೆಂಡಿಗೆ ಹಿಗ್ಗಿಸಿದರೆ ಕತ್ತಿಗೆ ಎರಡನೇ ಏಟು ಸಿಕ್ಕಿ 40 ಆಗುತ್ತದೆ, ಕಠಾರಿ 36ರಲ್ಲೇ ನಿಲ್ಲುತ್ತದೆ. ಕೊಡಲಿಗೆ ಎರಡು ಸಂದರ್ಭದಲ್ಲೂ ಜಾಗವಿಲ್ಲ. ಹುಲಿ ಇನ್ನೂ ಗಾಳಿಯಲ್ಲಿರುವಾಗಲೇ, ಅದು ಎಲ್ಲಿ ಬೀಳುತ್ತದೆಂದು ಊಹಿಸಿ, ಬೀಸನ್ನು ಆರಂಭಿಸಿದವನಿಗೆ ಮಾತ್ರ ಆ 48 ದಕ್ಕುತ್ತದೆ. ಆದ್ದರಿಂದ ಕಠಿಣ ಹಂತದಲ್ಲಿ ಎಚ್‌ಪಿಯನ್ನು 60ರಲ್ಲೇ ಉಳಿಸಿ ಬಿಡುವನ್ನು 1 ಸೆಕೆಂಡಿಗೆ ಇಳಿಸುವುದು, ಸುಲಭ ಹಂತದಲ್ಲಿ ಬಿಡುವನ್ನು ಹಿಗ್ಗಿಸಿ ಪಂಜದ ಹಾನಿಯನ್ನಷ್ಟೇ ತಗ್ಗಿಸುವುದು ನನ್ನ ಸಲಹೆ. ಮುಂದಿನ ಭೇಟಿಗೆ ಬರುವವರು 1 ಸೆಕೆಂಡಿನ ಬಿಡುವಿನಲ್ಲಿ ಪ್ರತಿ ಆಯುಧಕ್ಕೂ ಹುಲಿ ಎಷ್ಟು ಬಾರಿ ಎರಗಬೇಕಾಗುತ್ತದೆ ಎಂಬುದನ್ನು ಲೆಕ್ಕ ಹಾಕಿಕೊಂಡು ಬನ್ನಿ. ಎರಡು ಹುಲಿಗಳು ಒಟ್ಟಿಗೆ ಬಂದರೆ ಒಂದರ ಬಿಡುವಿನಲ್ಲಿ ಇನ್ನೊಂದು ಎರಗುತ್ತದೆ ಎಂಬುದನ್ನು ಸದ್ಯಕ್ಕೆ ಬದಿಗಿಡಿ.