ಪ್ಯಾನೆಲ್‌ನಲ್ಲಿದ್ದ ವೈಫೈ ಐಕಾನ್ ಕಾಣೆಯಾದಾಗ

ಪ್ರಶ್ನೆ: ಹಳೆಯ ಲ್ಯಾಪ್‌ಟಾಪ್‌ಗೆ ಡೆಬಿಯನ್ ಲಿನಕ್ಸ್ ಹಾಕಿಸಿಕೊಂಡು ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಬಳಸುತ್ತಿದ್ದೇನೆ. ಮೊನ್ನೆ ಪರದೆಯ ಅಂಚಿನ ಪಟ್ಟಿ, ಅಂದರೆ ಪ್ಯಾನೆಲ್ ಮೇಲೆ ರೈಟ್ ಕ್ಲಿಕ್ ಮಾಡಿ ಏನನ್ನೋ ಒತ್ತಿಬಿಟ್ಟೆ. ಗಡಿಯಾರದ ಪಕ್ಕದಲ್ಲಿದ್ದ ವೈಫೈ ಐಕಾನ್ ಮಾಯವಾಯಿತು. ಇಂಟರ್ನೆಟ್ ಬರುತ್ತಿದೆ, ಆದರೆ ಬೇರೆ ವೈಫೈಗೆ ಬದಲಾಯಿಸಲು ಆಗುತ್ತಿಲ್ಲ. ಎಲ್ಲವನ್ನೂ ಮತ್ತೆ ಇನ್‌ಸ್ಟಾಲ್ ಮಾಡಬೇಕೇ?

ಉತ್ತರ: ಖಂಡಿತ ಬೇಡ. ಐದು ನಿಮಿಷದ ಕೆಲಸ.

‘ಇಂಟರ್ನೆಟ್ ಬರುತ್ತಿದೆ’ ಎಂದಿರಲ್ಲ, ಅದರಲ್ಲೇ ಅರ್ಧ ಉತ್ತರವಿದೆ. ವೈಫೈ ಜೋಡಿಸುವ ಕೆಲಸ ಮಾಡುವುದು ನೆಟ್‌ವರ್ಕ್ ಮ್ಯಾನೇಜರ್ ಎಂಬ ಸೇವೆ. ಅದು ತೆರೆಯ ಹಿಂದೆ ನಡೆಯುತ್ತದೆ, ಪ್ಯಾನೆಲ್‌ನ ಹಂಗು ಅದಕ್ಕಿಲ್ಲ. ನಿಮಗೆ ಕಾಣುತ್ತಿದ್ದ ಐಕಾನ್ ಇನ್ನೊಂದು ಪುಟ್ಟ ಪ್ರೋಗ್ರಾಂನದು, ಅದರ ಹೆಸರು ಎನ್‌ಎಂ-ಆಪ್ಲೆಟ್. ಆ ಐಕಾನ್ ಕುಳಿತಿದ್ದ ಜಾಗ ಮೂರನೆಯದು: ಸ್ಟೇಟಸ್ ಟ್ರೇ. ಎಕ್ಸ್‌ಎಫ್‌ಸಿಇಯ 4.16ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಇದನ್ನೇ ನೋಟಿಫಿಕೇಶನ್ ಏರಿಯಾ ಎನ್ನುತ್ತಿದ್ದರು. ಹಳೆಯ ಮನೆಗಳ ಗೋಡೆಯಲ್ಲಿ ದೀಪ ಇಡಲು ಗೂಡು ಇರುತ್ತಿತ್ತಲ್ಲ, ಹಾಗೆ. ಈಗ ಗೊತ್ತಾಗಬೇಕಾದದ್ದು, ಆರಿರುವುದು ದೀಪವೋ, ಮುಚ್ಚಿಹೋಗಿರುವುದು ಗೂಡೋ ಎಂಬುದು.

ನಿಮ್ಮ ಪ್ರಕರಣದಲ್ಲಿ ಗೂಡೇ ಹೋಗಿರಬೇಕು ಎಂಬುದು ನನ್ನ ಊಹೆ. ರೈಟ್ ಕ್ಲಿಕ್ ಮಾಡಿದಾಗ ಬರುವ ಪಟ್ಟಿಯಲ್ಲಿ ‘ರಿಮೂವ್’ ಎಂಬುದೂ ಇದೆ. ಅದನ್ನು ಒತ್ತಿದರೆ ಎಕ್ಸ್‌ಎಫ್‌ಸಿಇ ಒಮ್ಮೆ ಕೇಳುತ್ತದೆ: ತೆಗೆದುಹಾಕಿದರೆ ಇದು ಶಾಶ್ವತವಾಗಿ ಹೋಗುತ್ತದೆ, ಆಗಬಹುದೇ? ಓದದೆ ‘ಹೌದು’ ಒತ್ತಿದವರೂ ಕೆಟ್ಟರು, ಆಮೇಲೆ ಅದನ್ನು ನೆನೆದು ಹೆದರಿದವರೂ ಕೆಟ್ಟರು. ಆ ಮಾತು ಅಷ್ಟು ಗಂಭೀರವಾದದ್ದಲ್ಲ. ಹೋಗುವುದು ಆ ಒಂದು ಅಂಶಕ್ಕೆ ನೀವು ಮಾಡಿಕೊಂಡಿದ್ದ ಹೊಂದಾಣಿಕೆಗಳು ಮಾತ್ರ. ಮೂಲ ಸಾಮಾನು ಉಗ್ರಾಣದಲ್ಲಿ ಹಾಗೆಯೇ ಇರುತ್ತದೆ.

ಅದನ್ನು ಹೊರತೆಗೆಯೋಣ. ಪ್ಯಾನೆಲ್‌ನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ‘ಪ್ಯಾನೆಲ್’, ಅದರೊಳಗೆ ‘ಆಡ್ ನ್ಯೂ ಐಟಮ್ಸ್’ ಆರಿಸಿ. ತೆರೆಯುವ ಪಟ್ಟಿಯಲ್ಲಿ ‘ಸ್ಟೇಟಸ್ ಟ್ರೇ ಪ್ಲಗಿನ್’ ಹುಡುಕಿ ಸೇರಿಸಿ. ಎನ್‌ಎಂ-ಆಪ್ಲೆಟ್ ಇನ್ನೂ ಓಡುತ್ತಿದ್ದರೆ ವೈಫೈ ಐಕಾನ್ ತಾನಾಗಿಯೇ ಬಂದು ಅಲ್ಲಿ ಕೂರುತ್ತದೆ, ಕಂಪ್ಯೂಟರನ್ನು ಮುಚ್ಚಿ ತೆರೆಯಬೇಕಾಗಿಲ್ಲ. ಹೊಸ ಅಂಶ ಪ್ಯಾನೆಲ್‌ನ ಕೊನೆಯಲ್ಲಿ, ಗಡಿಯಾರವನ್ನೂ ದಾಟಿ ಕುಳಿತರೆ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಮೂವ್’ ಒತ್ತಿ ಬೇಕಾದಲ್ಲಿಗೆ ಎಳೆದುಕೊಳ್ಳಿ. ಈ ಬಾರಿ ‘ರಿಮೂವ್’ ಒತ್ತಬೇಡಿ. ಎರಡೂ ಒಂದೇ ಪಟ್ಟಿಯಲ್ಲಿವೆ.

ಆ ಪಟ್ಟಿಯಲ್ಲಿ ಸ್ಟೇಟಸ್ ಟ್ರೇ ಮಸುಕಾಗಿ ಕಂಡು, ಆರಿಸಲು ಬಾರದಿದ್ದರೆ ಅದು ಒಳ್ಳೆಯ ಸುಳಿವು. ಅದನ್ನು ಒಂದೇ ಒಂದು ಸಲ ಸೇರಿಸಲು ಸಾಧ್ಯ. ಮಸುಕಾಗಿದೆ ಎಂದರೆ ಗೂಡು ಈಗಾಗಲೇ ಪ್ಯಾನೆಲ್‌ನಲ್ಲಿದೆ, ಹುಡುಕಬೇಕಾದದ್ದು ದೀಪವನ್ನು. ಹುಡುಕುವ ಮೊದಲು, ಪ್ಯಾನೆಲ್‌ನಲ್ಲಿ ಸಣ್ಣ ಬಾಣದ ಗುರುತು ಇದೆಯೇ ನೋಡಿ. ಅಡಗಿಸಿಟ್ಟ ಐಕಾನ್‌ಗಳು ಅದರ ಹಿಂದೆ ಇರುತ್ತವೆ. ಟ್ರೇಯ ಪ್ರಾಪರ್ಟೀಸ್ ತೆರೆದು, ವೈಫೈ ಸಾಲಿನಲ್ಲಿ ‘ಹಿಡನ್’ ಎಂಬಲ್ಲಿ ಗುರುತು ಬಿದ್ದಿದ್ದರೆ ತೆಗೆಯಿರಿ.

ಅಲ್ಲೂ ಇಲ್ಲವೇ? ಹಾಗಾದರೆ ಆಪ್ಲೆಟ್ಟೇ ಓಡುತ್ತಿಲ್ಲ. ಆಲ್ಟ್ ಮತ್ತು ಎಫ್2 ಕೀಲಿಗಳನ್ನು ಒಟ್ಟಿಗೆ ಒತ್ತಿ, ಬರುವ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ಎನ್, ಎಂ, ಒಂದು ಅಡ್ಡಗೆರೆ, ಆಮೇಲೆ ಆಪ್ಲೆಟ್ (nm-applet) ಎಂದು ಟೈಪಿಸಿ ಎಂಟರ್ ಒತ್ತಿ. ಎಲ್ಲವೂ ಸಣ್ಣ ಅಕ್ಷರ, ನಡುವೆ ಜಾಗ ಬಿಡಬಾರದು. ಐಕಾನ್ ಬಂದರೆ ಸಂತೋಷ. ಆದರೆ ನಾಳೆ ಲಾಗಿನ್ ಆದಾಗಲೂ ಅದು ಬರಬೇಕಲ್ಲ? ಸೆಟ್ಟಿಂಗ್ಸ್‌ನಲ್ಲಿ ‘ಸೆಷನ್ ಆಂಡ್ ಸ್ಟಾರ್ಟಪ್’ ತೆರೆದು, ‘ಅಪ್ಲಿಕೇಶನ್ ಆಟೋಸ್ಟಾರ್ಟ್’ ಪಟ್ಟಿಯಲ್ಲಿ ನೆಟ್‌ವರ್ಕ್ ಎಂದು ಶುರುವಾಗುವ ಸಾಲಿಗೆ ಗುರುತು ಹಾಕಿಡಿ. ಕಂಪ್ಯೂಟರ್ ಬೇಗ ತೆರೆಯಲಿ ಎಂದು ಈ ಪಟ್ಟಿಯಲ್ಲಿ ಸಿಕ್ಕಿದ್ದನ್ನೆಲ್ಲ ಆಫ್ ಮಾಡುವ ಚಟ ಅನೇಕರಿಗಿದೆ, ನನಗೂ ಇತ್ತು.

ಈ ರಿಪೇರಿ ಮುಗಿಯುವ ತನಕ ಬೇರೆ ವೈಫೈಗೆ ಹೋಗುವುದು ಹೇಗೆ ಎಂದರೆ, ಆದೇಶಗಳನ್ನು ಟೈಪಿಸುವ ಕಿಟಕಿಯಾದ ಟರ್ಮಿನಲ್ ತೆರೆದು ಎನ್, ಎಂ, ಟಿ, ಯು, ಐ ಎಂಬ ಐದು ಸಣ್ಣ ಅಕ್ಷರ ಟೈಪಿಸಿ ಎಂಟರ್ ಒತ್ತಿ. ಹಳೆಯ ಕಾಲದ ಬಣ್ಣದ ಪೆಟ್ಟಿಗೆಯೊಂದು ತೆರೆದುಕೊಳ್ಳುತ್ತದೆ. ಬಾಣದ ಕೀಲಿಗಳಿಂದ ‘ಆಕ್ಟಿವೇಟ್ ಎ ಕನೆಕ್ಷನ್’ಗೆ ಹೋದರೆ ಸುತ್ತಲಿನ ವೈಫೈ ಹೆಸರುಗಳೆಲ್ಲ ಸಿಗುತ್ತವೆ. ನೋಡಲು ಚೆಂದವಿಲ್ಲ, ಆದರೆ ಆಪತ್ತಿಗೆ ಆಗುತ್ತದೆ.

ಪ್ಯಾನೆಲ್‌ನ ಸೆಟ್ಟಿಂಗ್ಸ್ ಫೈಲನ್ನೇ ಅಳಿಸಿ ಎಂಬ ಸಲಹೆಯೂ ನಿಮ್ಮ ಕಿವಿಗೆ ಬೀಳಬಹುದು. ನಾನು ಒಪ್ಪುವುದಿಲ್ಲ. ಒಂದು ಹೆಂಚು ಜಾರಿತೆಂದು ಮಾಡನ್ನೇ ಇಳಿಸಿದಂತೆ ಅದು: ನೀವು ವರ್ಷಗಟ್ಟಲೆ ಜೋಡಿಸಿಕೊಂಡ ಪ್ಯಾನೆಲ್ ಪೂರ್ತಿ ಹೋಗುತ್ತದೆ.

ಧ್ವನಿಯ ಐಕಾನ್ ಕೂಡ ಕಾಣೆಯಾಗಿದ್ದರೆ ಅದನ್ನು ಟ್ರೇಯಲ್ಲಿ ಹುಡುಕಬೇಡಿ. ಎಕ್ಸ್‌ಎಫ್‌ಸಿಇಯಲ್ಲಿ ಅದು ಪಲ್ಸ್‌ಆಡಿಯೊ ಪ್ಲಗಿನ್ ಎಂಬ ಬೇರೆಯೇ ಅಂಶ. ಅದೇ ಪಟ್ಟಿಯಿಂದ ಪ್ರತ್ಯೇಕವಾಗಿ ಸೇರಿಸಬೇಕು. ಮಾಟೆ ಡೆಸ್ಕ್‌ಟಾಪ್ ಬಳಸುವವರಿಗೂ ದಾರಿ ಹೆಚ್ಚುಕಡಿಮೆ ಇದೇ: ‘ಆಡ್ ಟು ಪ್ಯಾನೆಲ್’, ಆಮೇಲೆ ‘ನೋಟಿಫಿಕೇಶನ್ ಏರಿಯಾ’. ಗ್ನೋಮ್ ಡೆಸ್ಕ್‌ಟಾಪ್‌ನ ಕಥೆ ಬೇರೆ. 2017ರಲ್ಲಿ ಬಂದ 3.26ನೇ ಆವೃತ್ತಿಯಲ್ಲಿ ಈ ಗೂಡನ್ನೇ ಅವರು ತೆಗೆದುಹಾಕಿದರು. ಅದರ ವೈಫೈ ಗುರುತು ಪರದೆಯ ಮೇಲ್ತುದಿಯ ಪಟ್ಟಿಯಲ್ಲೇ ಬೆರೆತಿದೆ. ಬೇರೆ ಪ್ರೋಗ್ರಾಂಗಳ ಐಕಾನ್ ಬೇಕೆಂದರೆ ಆಪ್‌ಇಂಡಿಕೇಟರ್ ಎಂಬ ಎಕ್ಸ್‌ಟೆನ್ಶನ್ ಹಾಕಿಕೊಳ್ಳಬೇಕು.

ಕನ್ನಡದಲ್ಲಿ ಟೈಪಿಸುವವರಿಗೆ ಇನ್ನೊಂದು ಮಾತು. ಟ್ರೇ ಹೋದರೆ ಅದರ ಜೊತೆ, ಟೈಪಿಸುವ ಭಾಷೆ ಬದಲಾಯಿಸುವ ಪ್ರೋಗ್ರಾಂ ಆದ ಐಬಸ್‌ನ ಭಾಷೆಯ ಗುರುತೂ ಹೋಗುತ್ತದೆ. ಸೂಪರ್ ಕೀಲಿ (ವಿಂಡೋಸ್ ಗುರುತಿನ ಕೀಲಿ) ಹಾಗೂ ಸ್ಪೇಸ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತಲೇ ಇರುತ್ತದೆ, ಆದರೆ ಯಾವ ಭಾಷೆಯಲ್ಲಿದ್ದೀರಿ ಎಂದು ಕಾಣುವುದಿಲ್ಲ. ಟ್ರೇ ತಂದ ಮೇಲೂ ಆ ಗುರುತು ಬಾರದಿದ್ದರೆ, ಐಬಸ್ ಪ್ರಿಫರೆನ್ಸಸ್‌ನಲ್ಲಿ ಸಿಸ್ಟಂ ಟ್ರೇಯಲ್ಲಿ ಐಕಾನ್ ತೋರಿಸುವ ಆಯ್ಕೆಗೆ ಗುರುತು ಹಾಕಿ. ಮೇಲೆ ಹೇಳಿದ ಆಪ್ಲೆಟ್ ಹೆಸರನ್ನು ಟೈಪಿಸಿದಾಗ ಪೆಟ್ಟಿಗೆಯಲ್ಲಿ ‘ನಮ-ಅಪಪಲೆತ’ ಎಂದು ಮೂಡಿದರೆ ಗಾಬರಿ ಬೇಡ. ಕಂಪ್ಯೂಟರ್ ಕೆಟ್ಟಿಲ್ಲ, ಕನ್ನಡದ ಕೆಜಿಪಿ ಕೀಲಿಮಣೆ ಇನ್ನೂ ಚಾಲೂ ಇದೆ ಅಷ್ಟೆ. ಸೂಪರ್, ಸ್ಪೇಸ್ ಒತ್ತಿ ಇನ್ನೊಮ್ಮೆ ಟೈಪಿಸಿ.